ಜಾಲರಿ ಕೋಣೆಯ ಸಾಹೇಬರು

ಸಹನಾ, ಚೇತನ್, ಹೋದ ಸೋಮವಾರ ನೀವು ಶಾಲೆಗೆ ಹೊರಡುವ ಮೊದಲೇ ನಾನು ಮೆಹದಿಪಟ್ಟಣಂ ಬಸ್ಸು ಹತ್ತಿದ್ದನ್ನು ನೋಡಿ, ಸಂಜೆ ಇಬ್ಬರೂ ‘ಯಾರ ಮನೆಗೆ ಹೋಗಿದ್ದೆ ಆಯಿ?’ ಎಂದು ಕೇಳಿದಿರಿ. ಆಫೀಸಿನವರೊಬ್ಬರು ತೀರಿಕೊಂಡರು ಎಂದಷ್ಟೇ ಹೇಳಿ ಒಗ್ಗರಣೆ ಹಾಕಲು ಎದ್ದುಹೋದೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಾರದು. ಬರೆಯುವುದು ಅಷ್ಟಿಷ್ಟು ಬರುತ್ತದೆ. ಬೀದರ ಜಿಲ್ಲೆಯ ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದು ಒಂದು ಪಾಲು. ಉಳಿದ ಪಾಲನ್ನು ಆ ತೀರಿಕೊಂಡವರೇ ನನ್ನನ್ನು ಕಾಡಿ ಕಾಡಿ ಕಲಿಸಿದರು.

ಅವರ ಹೆಸರು ಬರೆಯುವುದಿಲ್ಲ. ಹಿರಿಯರ ಹೆಸರು ಹೇಳಿ ನನಗೆ ರೂಢಿಯಿಲ್ಲ. ಮೇಲಾಗಿ ನಾನು ಬರೆದರೆ ಅದರ ಮುಂದಿನ ಪದವಿಗಳಲ್ಲಿ ಯಾವುದಾದರೂ ಒಂದು ಅಕ್ಷರ ಬಿಟ್ಟೇ ಬಿಡುತ್ತೇನೆ, ಅವರು ಎದ್ದು ಬಂದು ತಿದ್ದಿಯಾರು.

ನಿಮ್ಮ ಅಜ್ಜ ಇಲ್ಲಿ, ಹೈದರಾಬಾದಿನ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದರು. ದನ, ಎಮ್ಮೆ, ಕುರಿಗಳ ರೋಗ ಪರೀಕ್ಷಿಸುವ ಜಾಗ. ಅವರು ಹೋದ ಮೇಲೆ ಅನುಕಂಪದ ಮೇಲೆ ಆ ಕೆಲಸ ನನಗೆ ಬಂತು. ಸನತ್‌ನಗರದ ಒಂದೇ ಕೋಣೆಯ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗಬೇಕು. ನನಗೆ ತೆಲುಗು ಅರ್ಧ ಬರುತ್ತಿತ್ತು, ಹಿಂದಿ ಕಾಲುಭಾಗ. ಮಾತಾಡುವ ಅಗತ್ಯವಿಲ್ಲದ ಕಡೆ ಹಾಕಿರಿ ಎಂದು ಕೇಳಿಕೊಂಡಿದ್ದಕ್ಕೆ ಕುರಿಗಳ ಕೊಟ್ಟಿಗೆಗೆ ಹಾಕಿದರು. ಅಲ್ಲಿ ಈ ಡಾಕ್ಟರ್ ಸಾಹೇಬರಿದ್ದರು. ಮೂರು ತಲೆಮಾರಿನಿಂದ ಹೈದರಾಬಾದಿನಲ್ಲೇ ಸರ್ಕಾರಿ ನೌಕರಿ ಮಾಡಿಕೊಂಡು ಬಂದ ಕನ್ನಡದ ಮನೆತನ. ಕನ್ನಡದವರು ಸಿಕ್ಕರಲ್ಲ ಎಂದು ನನಗೆ ಖುಷಿಯಾಯಿತು. ಆ ಖುಷಿ ಕೊಟ್ಟಿಗೆಯ ಬಾಗಿಲ ತನಕವೇ ಇತ್ತು.

ಬಾಗಿಲಲ್ಲಿ ಔಷಧಿ ನೀರಿನ ತಟ್ಟೆ ಇಟ್ಟಿದ್ದರು. ಒಳಗೆ ಹೋಗುವವರು ಅದರಲ್ಲಿ ಕಾಲು ಅದ್ದಿ ಹೋಗಬೇಕು. ನಾನು ಸೀರೆ ತೊಯ್ದೀತೆಂದು ತುದಿಗಾಲಲ್ಲಿ ದಾಟಿದೆ. ಹಿಂದಿನಿಂದ ದನಿ ಬಂತು.

“ತಂಗಿ, ಹೊರಗ ಬಾ. ಮತ್ತ ಒಳಗ ಹೋಗು.”

ಹೋದೆ.

“ಹಿಮ್ಮಡ ತೊಯ್ದಿಲ್ಲ. ಮತ್ತ ಬಾ.”

ಮೂರನೆಯ ಸಲ ಎರಡೂ ಪಾದ ಊರಿ ನಿಂತೆ. ಕಣ್ಣಲ್ಲಿ ನೀರು ಬಂದಿತ್ತು. ಅವರು ಅದನ್ನು ನೋಡಲೇ ಇಲ್ಲ, ಅವರ ಕಣ್ಣು ನನ್ನ ಹಿಮ್ಮಡದ ಮೇಲಿತ್ತು. ಹೊಸಬಳೆಂದು ಹೀಗೆ ಮಾಡಿದರು ಅಂದುಕೊಂಡೆ. ಮುಂದಿನ ವಾರ ನಿರ್ದೇಶಕರು ಮಿರಿಮಿರಿ ಬೂಟು ಹಾಕಿಕೊಂಡು ಬಂದು ತಟ್ಟೆಯನ್ನು ದಾಟಿದರು. ಅವರನ್ನೂ ಹೊರಗೆ ಕಳಿಸಿದರು.

“ಬೂಟು ತೊಯ್ದರ ಒಣಗತಾವ ಸರ್. ಕುರಿ ಸತ್ತರ ಏಳಂಗಿಲ್ಲ.”

ಹೀಗೆಲ್ಲ ಊರಿಗೆ ಹೇಳುವವರು ತಾವು ಮಾತ್ರ ಪ್ಯಾಂಟಿನ ಒಂದು ಕಾಲು ಮಡಚಿ ಇನ್ನೊಂದನ್ನು ಮರೆಯುತ್ತಿದ್ದರು. ದಿನವಿಡೀ ಒಂದು ಕಾಲು ತಪತಪ ಅನ್ನಿಸಿಕೊಂಡು ಓಡಾಡುವರು. ನಾನು ಗುಡಿಸಿದ ನೆಲದ ಮೇಲೆಯೇ.

ಅವರೊಂದಿಗೆ ‘ಆಯಿತು ಸರ್’ ಎನ್ನುವ ಹಾಗಿರಲಿಲ್ಲ. “ಏನಾತು? ಎಷ್ಟಾತು? ಯಾವಾಗ ಆತು?” ಎಂದು ಸಾಲುಗಟ್ಟಿ ಕೇಳುವರು. ‘ಸುಮಾರು’ ಎಂಬ ಮಾತು ಕೇಳಿದರೆ ಅವರಿಗೆ ಚೇಳು ಕಡಿದ ಹಾಗಾಗುತ್ತಿತ್ತು. ಕಂಡ ಕಂಡ ವಸ್ತುವಿಗೆಲ್ಲ ಚೀಟಿ ಅಂಟಿಸುವರು. ಅವರ ಛತ್ರಿಗೆ ಚೀಟಿ, ಊಟದ ಡಬ್ಬಿಗೆ ಚೀಟಿ, ನನ್ನ ಕಸಬರಿಗೆಗೂ ಒಂದು ಚೀಟಿ: ‘ಕೊಟ್ಟಿಗೆ, ಒಳಗೆ ಮಾತ್ರ.’ ಒಮ್ಮೆ ಚಷ್ಮಾದ ಡಬ್ಬಿಗೆ ಚೀಟಿ ಅಂಟಿಸಿ, ಒಣಗಲೆಂದು ಕುರ್ಚಿಯ ಮೇಲಿಟ್ಟು, ಅದರ ಮೇಲೆ ತಾವೇ ಕುಳಿತರು.

ಟೆಕ್ನೀಷಿಯನ್ ಆಗಿದ್ದ ಯಾದಗಿರಿ ಜಹೀರಾಬಾದ್ ಕಡೆಯವನು, ಕನ್ನಡ ಬಲ್ಲವನು. ಅವನೇ ನನಗೆ ಧೈರ್ಯ ಹೇಳಿದ್ದು. “ಪರೇಶಾನ್ ಆಗಬ್ಯಾಡ ಅಕ್ಕಾ. ಇವರ ಮನಿಯಾಗ ಹಾಲು ಉಕ್ಕಿದ್ರ, ಎಷ್ಟು ಮಿಲಿ ಉಕ್ಕಿತು ಅಂತ ಹೆಂಡ್ತಿನ್ನ ಕೇಳ್ತಾರಂತ. ಆಯಮ್ಮ ಮೂವತ್ತು ವರ್ಷದಿಂದ ತಡಕೊಂಡಾಳ. ನಾವೇನು ದೊಡ್ಡವ್ರು?”

ಮನುಷ್ಯರಿಗೆಲ್ಲ ಏಕವಚನ, ಕುರಿಗಳಿಗೆ ಮಾತ್ರ ಬಹುವಚನ, ಅಮ್ಮಾವರೇ ಎನ್ನುವ ಹಾಗೆ ‘ಬಾಯಾರು’. “ಬರ್ರಿ ಬಾಯಾರ, ಕೈ ನೋವು ಮಾಡಂಗಿಲ್ಲ, ಒಂದ ಚೂರ ರಕ್ತ ಕೊಡ್ರಿ,” ಎಂದು ಕುರಿಯನ್ನು ಮಾತಾಡಿಸಿ, ತಿರುಗಿ ನನಗೆ “ಏ, ಹಿಡಕೋ ಸರಿಯಾಗಿ!” ಎನ್ನುವರು. ಊಟದ ಡಬ್ಬಿ ಮಧ್ಯಾಹ್ನ ನೆನಪಿಗೆ ಬರುತ್ತಿರಲಿಲ್ಲ. ನಾಲ್ಕು ಗಂಟೆಗೆ ಅದನ್ನು ತಂದು ನನ್ನ ಮುಂದೆ ಇಡುವರು. “ತಿನ್ನು. ರೊಟ್ಟಿ, ಪುಂಡಿಪಲ್ಯ ಐತಿ. ಖಾಲಿ ಆತೇನು ಅಂತ ಮನಿಯಾಗ ಕೇಳ್ತಾಳ. ಸುಳ್ಳು ಹೇಳಾಕ ಬರಂಗಿಲ್ಲ ನನಗ.” ಅವರ ಮನೆಯ ಪುಂಡಿಪಲ್ಯ ಚೆನ್ನಾಗಿರುತ್ತಿತ್ತು. ಆದರೆ ಹಸಿದವಳೇ ಇರಲಿ, ಹೊಟ್ಟೆ ತುಂಬಿದವಳೇ ಇರಲಿ, ನಾಲ್ಕು ಗಂಟೆಗೆ ಇನ್ನೊಬ್ಬರ ಸತ್ಯ ಉಳಿಸಲು ಊಟ ಮಾಡಬೇಕೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಈಗ ಕುರಿಗಳ ರೋಗದ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಮಳೆಗಾಲದಲ್ಲಿ ಕುರಿಗಳಿಗೆ ನೀಲಿ ನಾಲಿಗೆ ರೋಗ ಬರುತ್ತದೆ. ಮೂತಿ ಬಾತುಕೊಳ್ಳುತ್ತದೆ, ಬಾಯಿ ಹುಣ್ಣಾಗುತ್ತದೆ, ಕಾಲು ಕುಂಟುತ್ತದೆ. ಸೊಳ್ಳೆಗಿಂತ ಸಣ್ಣ ನುಸಿಯೊಂದು ಕಚ್ಚಿ ಒಂದು ಕುರಿಯಿಂದ ಇನ್ನೊಂದಕ್ಕೆ ಅದರ ವೈರಸ್ಸನ್ನು ದಾಟಿಸುತ್ತದೆ. ಆ ವೈರಸ್ಸಿನಲ್ಲಿ ಬಹಳ ಜಾತಿಗಳಿವೆಯಂತೆ. ಒಂದು ಜಾತಿಗೆ ಹಾಕಿದ ಲಸಿಕೆ ಇನ್ನೊಂದಕ್ಕೆ ನಡೆಯುವುದಿಲ್ಲ. ಆ ವರ್ಷ ನಮ್ಮ ಕಡೆಯ ಕುರುಬರೊಬ್ಬರು ಹಿಂಡನ್ನು ಊರಾಚೆ ನಿಲ್ಲಿಸಿ, ಬೇನೆ ಬಿದ್ದ ನಾಲ್ಕು ಕುರಿಗಳನ್ನು ಆಟೋದಲ್ಲಿ ಹೇರಿಕೊಂಡು ಬಂದರು. “ಲಸಿಕಿ ಹಾಕ್ಸಿವಿ ಸಾಹೇಬ್ರ. ಆದ್ರೂ ಸಾಯಾಕತ್ತಾವ. ಹಾಕ್ಸಿದ್ದು ನೀರೇನು?” ಎಂದು ಅಂಗಳದಲ್ಲೇ ಕೂಗಾಡಿದರು. ಸಾಹೇಬರು ಸಮಾಧಾನದ ಒಂದು ಮಾತನ್ನೂ ಹೇಳಲಿಲ್ಲ. “ಎಷ್ಟು ಕುರಿಗೆ ಹಾಕ್ಸಿದಿ? ಯಾವಾಗ? ಅದರಾಗ ಎಷ್ಟು ಸತ್ತಾವ?” ಎಂದು ಕೇಳುತ್ತಲೇ ಹೋದರು. ಕುರುಬರು ನನ್ನ ಕಡೆ ತಿರುಗಿ, “ತಾಯೀ, ಇವರಿಗೆ ಮನಸ್ಸು ಅನ್ನೂದು ಐತೇನು?” ಎಂದು ಕೇಳಿದರು.

ಆ ಕುರಿಗಳನ್ನು ಕೊಲ್ಲುತ್ತಿದ್ದದ್ದು ಯಾವ ಜಾತಿಯ ವೈರಸ್ ಎಂದು ಗುರುತಿಸಬೇಕಿತ್ತು. ಸಾಹೇಬರಿಗೆ ಒಂದು ಜಾತಿಯ ಮೇಲೆ ಅನುಮಾನವಿತ್ತು. ಅದನ್ನು ರುಜುವಾತು ಮಾಡಿ ತೋರಿಸಲು ಆ ಜಾತಿಯೊಂದನ್ನೇ ತಡೆಯುವ ಸೀರಂ ಬೇಕು. ಸೀರಂ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲುಗಡೆ ನಿಲ್ಲುವ ಹಳದಿ ತಿಳಿ. ಆ ವೈರಸ್ಸನ್ನು ಸೂಜಿಯಲ್ಲಿ ಕೊಟ್ಟರೆ ಕುರಿಯ ಮೈ ಅದಕ್ಕೆ ಎದುರಾಗಿ ಒಂದು ವಸ್ತು ಮಾಡಿಕೊಳ್ಳುತ್ತದೆ, ಅದು ಈ ತಿಳಿಯಲ್ಲಿರುತ್ತದೆ. ಅದು ಹೇಗೆ ತಡೆಯುತ್ತದೆ ಎಂದು ನಾನು ಹೆದರುತ್ತಲೇ ಒಮ್ಮೆ ಕೇಳಿದ್ದೆ. ಆ ದಿನ ಅವರು ಬಹಳ ಚೆನ್ನಾಗಿ ಹೇಳಿದರು.

“ಉತ್ತರಾಣಿ ಕಾಯಿ ಸೀರಿ ಅಂಚಿಗೆ ಹತ್ತತೈತಲ್ಲ, ಹಂಗ ವೈರಸ್ ಮೈಯೊಳಗಿನ ಕಣಕ್ಕ ಹತ್ತತೈತಿ. ಆ ಕಾಯಿ ಮುಳ್ಳಿಗೆಲ್ಲ ಮೇಣ ಮೆತ್ತಿಬಿಟ್ರ?”

“ಹತ್ತಂಗಿಲ್ರಿ.”

“ಅಷ್ಟ ನೋಡು. ಸಾಯಸಬೇಕಂತಿಲ್ಲ. ಹತ್ತಗೊಡಬಾರದು. ಆದ್ರ ಒಂದೊಂದು ಜಾತಿ ಮುಳ್ಳಿಗೆ ಒಂದೊಂದು ಮೇಣ.”

ಇಷ್ಟು ಹೇಳಿದವರು ಅಲ್ಲಿಗೆ ಬಿಡಬೇಕೋ ಬೇಡವೋ? ಮರುದಿನ ಬೆಳಗ್ಗೆ ಎಲ್ಲರೆದುರು ನನ್ನನ್ನು ನಿಲ್ಲಿಸಿ, ನಿನ್ನೆ ಹೇಳಿದ್ದನ್ನು ತಿರುಗಿ ಹೇಳು ಎಂದರು. ನನ್ನ ನಾಲಿಗೆ ಅಂಟಿಕೊಂಡಿತು. “ಬಾಯಿಲೆ ಬರದಿದ್ರ ಬರದು ತಾ,” ಎಂದು ಒಂದು ಹಾಳೆ ಕೊಟ್ಟರು. ಐವತ್ತರ ಹತ್ತಿರ ಬಂದ ಹೆಂಗಸು ಕೊಟ್ಟಿಗೆಯ ಮೂಲೆಯಲ್ಲಿ ಕುಳಿತು ಮನೆಪಾಠ ಬರೆದೆ. ಅದರಲ್ಲಿ ಆರು ತಪ್ಪು ತೆಗೆದರು.

ಆ ಸೀರಂ ಮಾಡಲು ಬೇಕಾದ ಕುರಿ ಹಿಂದೆಂದೂ ಯಾವ ಜಾತಿಯ ನೀಲಿ ನಾಲಿಗೆಯನ್ನೂ ಕಂಡಿರಬಾರದು, ಮುಂದೆಯೂ ಕಾಣಬಾರದು. ಅದಕ್ಕೆಂದೇ ನುಸಿಯೂ ನುಗ್ಗದಷ್ಟು ಸಣ್ಣ ಕಣ್ಣಿನ ಜಾಲರಿಯ ಕೋಣೆಯಿತ್ತು, ಒಂದರ ಹಿಂದೊಂದು ಎರಡು ಬಾಗಿಲು. ಎರಡು ಕುರಿಗಳನ್ನು ತಂದರು. ಪರೀಕ್ಷೆ ಮಾಡಿದಾಗ ಒಂದಕ್ಕೆ ಮೊದಲೇ ರೋಗ ಬಂದು ಹೋಗಿರುವುದು ತಿಳಿದು ಅದನ್ನು ಹೊರಗೆ ಹಾಕಿದರು. ಇನ್ನೊಂದು ಹುಡುಕಲು ಹೊತ್ತಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಉತ್ತರ ಸಿಗಬೇಕು, ಆ ಮಳೆಗಾಲ ಬರುವಷ್ಟರಲ್ಲಿ ಸಾಹೇಬರು ನಿವೃತ್ತರಾಗುವವರು. ಹೀಗಾಗಿ ಕರಿಮೂತಿಯ ಒಂದೇ ಕುರಿ ಜಾಲರಿ ಕೋಣೆಯಲ್ಲಿ ಉಳಿಯಿತು. ಅದೇ ಬಾಯಾರು. ಮೊದಲ ಸೂಜಿಯೂ ಆಯಿತು.

ಬಾಯಾರು ಮೇವು ಬಿಟ್ಟರು.

ನನ್ನ ತವರಿನಲ್ಲಿ ಕುರಿಗಳಿದ್ದವು. ಕುರಿಗೆ ಇನ್ನೊಂದು ಕುರಿ ಕಣ್ಣಿಗೆ ಬೀಳದಿದ್ದರೆ ಅದು ಒದರುತ್ತದೆ, ಆಮೇಲೆ ಒದರುವುದನ್ನೂ ಬಿಟ್ಟು ಗೋಡೆಗೆ ತಲೆ ಕೊಟ್ಟು ನಿಲ್ಲುತ್ತದೆ. ನಾನು ಧೈರ್ಯ ಮಾಡಿ ಹೇಳಿದೆ. “ಸರ್, ಒಂಟಿ ಕುರಿ ಮೇಯಂಗಿಲ್ರಿ.”

“ಎಷ್ಟು ಬಿಟ್ಟಾರ? ತೂಕ ಮಾಡು.”

ಉಳಿದ ಮೇವನ್ನು ತೂಗಿ ಹೇಳಿದೆ. ರಿಜಿಸ್ಟರಿನಲ್ಲಿ ಬರೆದುಕೊಂಡರು. “ಹೊಸ ಜಾಗಾ. ಹೊಂದಕೋತಾರ.” ಎರಡು ದಿನ ಬಿಟ್ಟು ಮತ್ತೆ ತೂಗಿ ಹೇಳಿದೆ. ಬರೆದುಕೊಂಡರು. ಮೂರನೆಯ ಸಲವೂ ಬರೆದುಕೊಂಡರು. ಬರೆದುಕೊಂಡರೆ ಕುರಿಯ ಹೊಟ್ಟೆ ತುಂಬುತ್ತದೆಯೇ?

ಅಂದು ಸಾಹೇಬರು ಬೇಗ ಹೋಗಿದ್ದರು. ಸಂಜೆ ನಾನು ಮನೆಗೆ ಹೊರಡುವ ಮುಂಚೆ ಎರಡೂ ಬಾಗಿಲು ತೆಗೆದೆ. ಹಗ್ಗ ಹಿಡಿದು ಬಾಯಾರನ್ನು ಅಂಗಳಕ್ಕೆ ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಅಲ್ಲಿ ಬೇರೆ ಕುರಿಗಳನ್ನು ಕಟ್ಟಿದ್ದರು. ಅವುಗಳನ್ನು ಕಂಡದ್ದೇ ಕಿವಿ ನೆಟ್ಟಗೆ ಮಾಡಿ, ನಾನು ಹಾಕಿದ ಸೊಪ್ಪನ್ನು ಗಬಗಬ ತಿಂದಿತು. ಅರ್ಧ ಗಂಟೆ ಬಿಟ್ಟು ಒಳಗೆ ಕಟ್ಟಿದೆ. ಮರುದಿನವೂ ಅವರು ಹೋದ ಮೇಲೆ ಹಾಗೇ ಮಾಡಿದೆ. ಹೀಗೆ ಒಂಬತ್ತು ಸಂಜೆ. ಅಷ್ಟರಲ್ಲಿ ಅದು ಹುಷಾರಾಗಿ ಕೋಣೆಯೊಳಗೂ ತಿನ್ನತೊಡಗಿತು, ಬಿಡುವುದನ್ನು ನಿಲ್ಲಿಸಿದೆ. ತೂಕದ ಪುಸ್ತಕ ನೋಡಿ ಸಾಹೇಬರು ಹಿಗ್ಗಿದರು.

“ನೋಡು, ಹೊಂದಕೊಂಡ್ರು. ನಾ ಹೇಳಿದ್ದಿಲ್ಲ?”

ಅವತ್ತು ನನಗೆ ಎಷ್ಟು ಸಿಟ್ಟು ಬಂತೆಂದರೆ, ಇನ್ನೊಂದು ಗಳಿಗೆ ನಿಂತಿದ್ದರೆ ಬಾಯಿಬಿಟ್ಟು ಹೇಳಿಯೇ ಬಿಡುತ್ತಿದ್ದೆ. ಹೇಳಬೇಕಿತ್ತು.

ಕೆಲವು ವಾರ ಕಳೆದು ರಕ್ತ ತೆಗೆದರು. ಸೀರಂ ಪರೀಕ್ಷೆಯನ್ನು ಮಾಡುವುದು ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ. ಗುಳಿಗಳಲ್ಲಿ ಜೀವಂತ ಕಣಗಳಿರುತ್ತವೆ. ಒಂದು ಸಾಲಿಗೆ ಒಂದು ಜಾತಿಯ ವೈರಸ್, ಇನ್ನೊಂದು ಸಾಲಿಗೆ ಇನ್ನೊಂದು ಜಾತಿ, ಎಲ್ಲದಕ್ಕೂ ಬಾಯಾರ ಸೀರಂ. ದಿನಗಳು ಕಳೆದ ಮೇಲೆ ನೇರಳೆ ಬಣ್ಣ ಹಾಕಿ ತೊಳೆಯುತ್ತಾರೆ. ಕಣ ಬದುಕಿದ್ದರೆ ಗುಳಿ ನೇರಳೆ, ವೈರಸ್ ಕೊಂದಿದ್ದರೆ ಖಾಲಿ. ಅನುಮಾನವಿದ್ದ ಜಾತಿಯ ಒಂದೇ ಸಾಲು ನೇರಳೆಯಾಗಬೇಕಿತ್ತು. ಆಯಿತು. ಅದರ ಜೊತೆಗೆ ಇನ್ನೊಂದು ಸಾಲೂ ನೇರಳೆಯಾಯಿತು.

ಮತ್ತೆ ಮಾಡಿದರು. ಮತ್ತೆ ಎರಡು ಸಾಲು. ಮೂರನೆಯ ಸಲವೂ ಎರಡು. ಎರಡು ಜಾತಿಯನ್ನು ತಡೆಯುವ ಸೀರಂನಿಂದ ಯಾವುದೆಂದು ಗುರುತಿಸುವುದು ಹೇಗೆ? ಅಷ್ಟು ತಿಂಗಳ ಕೆಲಸ ಚರಂಡಿಗೆ ಹೋಯಿತು.

ಜಾಲರಿ ಕೋಣೆಯ ಮೇಲೆ ಸಾಹೇಬರಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಬಾಟಲಿಗಳೇ ಅದಲುಬದಲಾಗಿರಬೇಕು ಎಂದು ತೀರ್ಮಾನಿಸಿದರು. ಬಾಟಲಿಗೆ ಚೀಟಿ ಅಂಟಿಸಿದವನು ಯಾದಗಿರಿ. ಅವನದು ವರ್ಷವರ್ಷಕ್ಕೆ ಮುಂದುವರಿಸುವ ಕೆಲಸ, ಆ ಸಲದ ಕಾಗದ ಸಾಹೇಬರ ಮೇಜಿನ ಮೇಲಿತ್ತು.

“ಸಂಶಯ ಇರೂತನಕ ಸಹಿ ಇಲ್ಲ,” ಎಂದರು.

ಯಾದಗಿರಿ ತಮಾಷೆ ನಿಲ್ಲಿಸಿದ. ಊಟದ ಹೊತ್ತಿಗೆ ನನ್ನ ಪಕ್ಕ ಕುಳಿತವನು ಡಬ್ಬಿ ತೆರೆಯಲಿಲ್ಲ. “ಹನ್ನೊಂದು ವರ್ಷ ಆತು ಅಕ್ಕಾ. ಒಂದ ಚೀಟಿ ತಪ್ಪು ಹಚ್ಚಿಲ್ಲ. ಮಗಳು ಇಂಟರ್ ಓದಾಕತ್ತಾಳ. ಈ ವಯಸ್ಸಿನಾಗ ಎಲ್ಲಿ ಹೋಗಲಿ ಹೇಳು?” ಎಂದ. ನುಸಿ, ಜಾಲರಿ, ಎರಡು ಬಾಗಿಲು ಎಲ್ಲ ಆಗಲೇ ನನ್ನ ತಲೆಯಲ್ಲಿ ಕೂಡಿಬಂದಿದ್ದವು.

ಎರಡು ದಿನ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡೆ. ಮೂರನೆಯ ದಿನ ಬೆಳಗ್ಗೆ ಅವರ ಕೋಣೆಯ ಬಾಗಿಲಲ್ಲಿ ನಿಂತೆ. ಅವರು ತಲೆಯೆತ್ತಲಿಲ್ಲ.

“ಏನು?”

“ಸರ್, ಕುರಿ...”

“ಬಾಯಾರಿಗೆ ಏನಾತು?”

“ನಾ ಹೊರಗ ಬಿಟ್ಟಿದ್ದೆರಿ.”

ಪೆನ್ನು ಕೆಳಗಿಟ್ಟರು. “ಎಷ್ಟು ದಿನ?”

“ಒಂಬತ್ತು ದಿನಾರಿ.”

“ಯಾವ ಹೊತ್ತಿನಾಗ?”

“ಹೊತ್ತು ಮುಳುಗೂ ಮುಂದ.”

“ಎಲ್ಲಿ?”

“ಬೇವಿನ ಗಿಡದ ಕೆಳಗ. ತಿಪ್ಪಿ ಹಂತ್ಯಾಕ.”

“ಆಗ ಅಲ್ಲಿ ಯಾವ ಕುರಿ ಕಟ್ಟಿದ್ರು?”

“ಬ್ಯಾರೆ ಊರಿಂದ ತಂದಿದ್ದ ಬ್ಯಾನಿ ಕುರಿರಿ.”

ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. “ಅಲ್ಲ ತಂಗಿ, ನುಸಿ ಏಳೂ ಹೊತ್ತು, ನುಸಿ ಹುಟ್ಟೂ ಜಾಗಾ, ಮಗ್ಗಲಾಗ ಬ್ಯಾನಿ ಕುರಿ! ಎರಡನೇ ಜಾತಿ ಅದರಿಂದನ ಬಂದೈತಿ. ಅರಿಷಿಣ ಕುಂಕುಮ ಕೊಟ್ಟು ನುಸಿನ್ನ ಊಟಕ್ಕ ಕರದಂಗ ಮಾಡಿದೆಲ್ಲ! ಯಾಕ ಬಿಟ್ಟಿ?”

“ತಿನ್ನಲಿಲ್ರಿ. ಮೂರು ಸಲ ಹೇಳಿದೆ.”

ಅವರು ರಿಜಿಸ್ಟರು ತೆರೆದರು. ಮೂರು ಸಲ ಅವರ ಕೈಯಲ್ಲೇ ಬರೆದದ್ದು ಅಲ್ಲಿತ್ತು. ಬೆರಳಿಟ್ಟು ಒಂದೊಂದನ್ನೇ ಓದಿದರು. ಈಗ ಬೈಯುತ್ತಾರೆ, ಬೈದರೆ ಮುಗಿದುಹೋಗುತ್ತದೆ ಎಂದು ಕಾದೆ. ಬೈಯಲಿಲ್ಲ. ಎರಡು ಹಾಳೆ ಕೊಟ್ಟರು.

“ಬರಿ. ಕನ್ನಡದಾಗ ಬರಿ. ಎಲ್ಲಾ.”

ಅವರೆದುರಿಗೇ ಕುಳಿತು ಬರೆದೆ. ‘ಸುಮಾರು ಅರ್ಧ ಗಂಟೆ’ ಎಂದು ಬರೆದದ್ದಕ್ಕೆ ಗೀಟು ಹಾಕಿ, ಬಸ್ಸಿನ ಸಮಯದಿಂದ ಹಿಂದಕ್ಕೆ ಎಣಿಸಿ ಸರಿಯಾದ ನಿಮಿಷ ಬರೆಸಿದರು. ಕೊನೆಗೆ ‘ದಯವಿಟ್ಟು ಕ್ಷಮಿಸಬೇಕು’ ಎಂದು ಬರೆದಿದ್ದೆ. ಅದಕ್ಕೂ ಗೀಟು ಹಾಕಿದರು. “ಇದು ಮಾಹಿತಿ ಅಲ್ಲ.”

ಮಕ್ಕಳೇ, ಆ ಗೀಟನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ಯಾದಗಿರಿಯ ಕಾಗದಕ್ಕೆ ಸಹಿ ಹಾಕಿ, ಅದನ್ನು ಹಿಡಿದುಕೊಂಡು ಎಲ್ಲರೂ ಇದ್ದ ಕೋಣೆಗೆ ಹೋದರು. “ಯಾದಗಿರಿ, ನಿನ್ನ ಮ್ಯಾಲೆ ಸಂಶಯಪಟ್ಟಿದ್ದು ನನ್ನ ತಪ್ಪು. ಬರದೀನಿ. ಓದಿ, ಮುಟ್ಟಿತು ಅಂತ ಸಹಿ ಮಾಡು.” ತಪ್ಪೊಪ್ಪಿಗೆಗೂ ಸ್ವೀಕೃತಿ ತೆಗೆದುಕೊಂಡ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಯಾದಗಿರಿ ಸಹಿ ಮಾಡಿ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

ನನ್ನ ಹಾಳೆಗಳನ್ನು ಲಕೋಟೆಗೆ ಹಾಕುವಾಗ ಕೇಳಿದೆ. “ಸರ್, ಇದು ಮ್ಯಾಲೆ ಹೋದ್ರ ನನ್ನ ನೌಕರಿ ಹೋಗತೈತ್ರಿ. ಇನ್ನೂ ಪರ್ಮನೆಂಟ್ ಆಗಿಲ್ಲ. ಸೀರಂ ಕೆಟ್ಟಿತು ಅಂತಷ್ಟ ಬರೀರಿ. ಯಾಕ ಅಂತ ಬ್ಯಾಡ್ರಿ.”

“ಯಾಕ ಅಂತ ಬರೀದಿದ್ರ, ನಾಳೆ ಬರವ್ರು ಮತ್ತ ಒಂಟಿ ಕುರಿ ಇಡತಾರ,” ಎಂದು ಲಕೋಟೆಯನ್ನು ಅಂಟಿಸಿದರು.

ಆಗ ನಿಮ್ಮಪ್ಪನಿಗೆ ಕೊಂಡಾಪುರದ ಲಿಫ್ಟ್ ರಿಪೇರಿ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಸಹನಾ, ನೀನು ತೊಟ್ಟಿಲಲ್ಲಿದ್ದೆ. ಮನೆ ನಡೆಯುತ್ತಿದ್ದದ್ದು ನನ್ನ ದುಡಿಮೆಯ ಮೇಲೆ. ಬಸ್ಸಿನಲ್ಲಿ ಕುಳಿತು ಆ ಮನುಷ್ಯನಿಗೆ ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಮನಸ್ಸಿನಲ್ಲೇ ಬೈದೆ. ಗೊತ್ತಿದ್ದದ್ದು ಕಡಿಮೆ, ಅದಕ್ಕೇ ತಿರುತಿರುಗಿ ಬೈದೆ.

ನೌಕರಿ ಹೋಗಲಿಲ್ಲ. ನನಗೆ ಮೆಮೊ ಬಂತು, ಪರ್ಮನೆಂಟ್ ಆಗುವುದನ್ನು ಒಂದು ವರ್ಷ ಮುಂದೂಡಿದರು, ಕೊಟ್ಟಿಗೆಯಿಂದ ತೆಗೆದು ಮುಂದಿನ ಆಫೀಸಿಗೆ ಹಾಕಿದರು. ಅಲ್ಲಿ ದಿನವಿಡೀ ಜನ, ಮಾತು. ನನಗೆ ಅದೇ ದೊಡ್ಡ ಶಿಕ್ಷೆ. ಒಂದು ದಿನ ಯಾದಗಿರಿ ಬಂದು ಪಿಸುಗುಟ್ಟಿದ. “ಅಕ್ಕಾ, ನಿನ್ನ ಯಾಕ ತೆಗೀಲಿಲ್ಲ ಗೊತ್ತೇನು? ನಿನ್ನ ಕಾಗದದ ಮ್ಯಾಲೆ ಬುಡ್ಡಾ ತಂದೊಂದು ಕಾಗದ ಇಟ್ಟಾನ, ಇಂಗ್ಲೀಷಿನಾಗ. ಕುರಿ ತಿನ್ನವಲ್ಲದು ಅಂತ ಆಕಿ ತೂಕ ಸಮೇತ ಮೂರು ಸಲ ಹೇಳಿದಳು, ನಾ ಕೇಳಲಿಲ್ಲ, ಒಂಟಿ ಕುರಿ ಇಟ್ಟಿದ್ದು ನಂದು, ತಪ್ಪು ನಂದು ಅಂತ. ನಿರ್ದೇಶಕರು ಭಾಳ ಒದರಾಡಿದ್ರು. ರಿಟೈರ್ ಆದ ಮ್ಯಾಲೂ ಇನ್ನೊಂದು ವರ್ಷ ಅವನ್ನ ಇಟ್ಟುಕೊಳ್ಳೋ ಮಾತಿತ್ತಲ್ಲ, ಅದು ಖಲ್ಲಾಸ್.”

ನನಗೆ ಕಣ್ಣೀರು ಬರಲಿಲ್ಲ, ಮತ್ತಷ್ಟು ಸಿಟ್ಟು ಬಂತು. ಇದನ್ನು ನನಗೆ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ತಿಂಗಳುಗಟ್ಟಲೆ ನಾನು ಶಾಪ ಹಾಕುವುದಾದರೂ ತಪ್ಪುತ್ತಿತ್ತು. ಎರಡೂ ಕಾಗದ ಹರಿದುಹಾಕಿದ್ದರೆ ಇಬ್ಬರೂ ಉಳಿಯುತ್ತಿದ್ದೆವಲ್ಲ ಎಂದೂ ಅನ್ನಿಸಿತು. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ನಿವೃತ್ತಿಗೆ ಕೆಲವೇ ತಿಂಗಳಿದ್ದವು. ಅವರು ಮೊದಲಿನಿಂದ ಶುರು ಮಾಡಿದರು. ಈ ಸಲ ಜಾಲರಿ ಕೋಣೆಗೆ ಎರಡು ಕುರಿ, ಒಂದಕ್ಕೆ ಸೂಜಿ, ಇನ್ನೊಂದು ಬರೀ ಜೊತೆಗೆ. ಯಾದಗಿರಿ ಅದಕ್ಕೆ ‘ನಾದಿನಿ’ ಎಂದು ಹೆಸರಿಟ್ಟ. ಕುರಿ ನೋಡಿಕೊಳ್ಳಲು ಆ ಹೆಂಗಸೇ ಬೇಕು ಎಂದು ಸಾಹೇಬರು ನಿರ್ದೇಶಕರಿಗೆ ಮೂರು ಪತ್ರ ಬರೆದು ನನ್ನನ್ನು ವಾಪಸು ಕರೆಸಿಕೊಂಡರು. ನಾನು ಹೋಗಿ ನಿಂತಾಗ ‘ಬಂದೆಯಾ’ ಎಂದು ಕೂಡ ಕೇಳಲಿಲ್ಲ. “ಹಿಮ್ಮಡ,” ಎಂದರು. ಅಷ್ಟೇ.

ದಿನವೂ ಕುರಿಗಳ ವಿಷಯ ನಾನೇ ಬರೆಯಬೇಕೆಂದು ಒಂದು ಪುಸ್ತಕ ಕೊಟ್ಟರು. ಏನು ತಿಂದವು, ಎಷ್ಟು ಬಿಟ್ಟವು, ಯಾವುದು ಯಾವುದಕ್ಕೆ ಗುದ್ದಿತು. ನಾನು ‘ಕುರಿ ಬೇಜಾರಾಗಿದೆ’ ಎಂದು ಬರೆದರೆ, “ಬ್ಯಾಜಾರ ಹ್ಯಾಂಗ ಕಾಣತೈತಿ? ಕಿವಿ ಹ್ಯಾಂಗಿತ್ತು?” ಎಂದು ಕೇಳುವರು. ಹೀಗೆ ಕೇಳಿ ಕೇಳಿ ನನಗೆ ನೋಡಲು ಬಂತು. ಹೌದು, ಅದು ಅವರಿಂದಲೇ ಬಂತು, ಇಲ್ಲ ಎನ್ನುವುದಿಲ್ಲ.

ಬೀಳ್ಕೊಡುಗೆಯ ದಿನ ನಿರ್ದೇಶಕರ ಭಾಷಣ ಉದ್ದವಾಯಿತು. ಸಾಹೇಬರು ನಡುವೆಯೇ ಎದ್ದು, “ಸರ್, ಬಾಯಾರ ಸೂಜಿ ಹೊತ್ತಾತು,” ಎಂದು ಕೊರಳಿನ ಹಾರವನ್ನು ಕುರ್ಚಿಗೆ ಹಾಕಿ ಹೊರಟುಹೋದರು. ನಿರ್ದೇಶಕರು ಉಳಿದ ಹೊಗಳಿಕೆಯನ್ನು ಆ ಕುರ್ಚಿಗೇ ಹೇಳಿ ಮುಗಿಸಿದರು.

ಅವರು ಹೋದ ಮೇಲೆ ಕೊನೆಯ ರಕ್ತ ತೆಗೆದದ್ದು, ಪರೀಕ್ಷೆ ಇಟ್ಟದ್ದು ಯಾದಗಿರಿ. ಬಣ್ಣ ಹಾಕುವ ದಿನ ಫೋನಿನಲ್ಲಿ ಹೇಳುತ್ತೇನೆ ಎಂದರೆ ಅವರು ಒಪ್ಪಲಿಲ್ಲ. “ಫೋನಿನಾಗ ನೇರಳೆ ಕಾಣಂಗಿಲ್ಲ,” ಎಂದು ಬಸ್ಸು ಹಿಡಿದು ಬಂದೇಬಿಟ್ಟರು. ಬಂದು ಬಾಗಿಲಲ್ಲೇ ನಿಂತರು. ಹೊರಗಿನವರು ತಟ್ಟೆಯ ಕೋಣೆಗೆ ಬರಬಾರದು, ತಟ್ಟೆ ಆ ಕೋಣೆಯಿಂದ ಹೊರಗೆ ಹೋಗಬಾರದು ಎಂಬ ನಿಯಮ ಬರೆದು ಗೋಡೆಗೆ ಅಂಟಿಸಿದವರು ಅವರೇ. ಯಾದಗಿರಿ, “ಬರ್ರಿ ಸರ್, ಯಾರ ನೋಡ್ತಾರ?” ಎಂದ.

“ನಾ ನೋಡ್ತೀನಲ್ಲ,” ಎಂದು ಸುತ್ತುಹಾಕಿ ಹಿಂದಿನ ಅಂಗಳಕ್ಕೆ ಹೋಗಿ ಕಿಟಕಿಯ ಹೊರಗೆ ನಿಂತರು.

ಯಾದಗಿರಿ ಬಣ್ಣ ಹಾಕಿ ತೊಳೆದ. ತಟ್ಟೆಯನ್ನು ನನಗೆ ಕೊಟ್ಟ. ನಾನು ಅದನ್ನು ಎತ್ತಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಹೊರಗೆ ಬಿಸಿಲು. ಸಾಹೇಬರು ಹಣೆಗೆ ಕೈ ಹಚ್ಚಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದರು. ಒಂದು ಸಾಲು ನೇರಳೆ. ಅದರ ಕೆಳಗಿನದು ಖಾಲಿ. ಅದರ ಕೆಳಗಿನದೂ ಖಾಲಿ. ಅವರು ಬೆರಳಿಟ್ಟು ಗುಳಿ ಗುಳಿಯಾಗಿ ಎಣಿಸಿದರು. ಮುಗಿಯಿತು ಅಂದುಕೊಂಡರೆ, ತಿರುಗಿಸಿ ಹಿಡಿ ಎಂದು ಸನ್ನೆ ಮಾಡಿ ಆ ಕಡೆಯಿಂದ ಮತ್ತೆ ಎಣಿಸಿದರು. ನನ್ನ ತೋಳು ಸೋತುಹೋದವು. ಕೊನೆಗೆ ಕಿಟಕಿಗೆ ಬೆನ್ನು ಮಾಡಿ ಬಸ್ಸಿಗೆ ಹೊರಟುಹೋದರು. ಆ ಮಳೆಗಾಲದಲ್ಲಿ ಆ ಸೀರಂನಿಂದಲೇ ಕುರುಬರ ಕುರಿಗಳನ್ನು ಕೊಲ್ಲುತ್ತಿದ್ದ ಜಾತಿಯನ್ನು ಗುರುತಿಸಿದರು. ಸಾಹೇಬರ ಅನುಮಾನವೇ ನಿಜವಾಗಿತ್ತು. ವರದಿಯಲ್ಲಿ ಹೊಸ ಅಧಿಕಾರಿಯ ಹೆಸರಿತ್ತು.

ಸೋಮವಾರ ನಾನು ಹೋದದ್ದು ಅವರ ಮನೆಗೆ. ಅವರ ಹೆಂಡತಿ ಒಂದು ಮೂಲೆಯಲ್ಲಿ ಕುಳಿತಿದ್ದರು. ಲ್ಯಾಬಿನಿಂದ ಬಂದ ಈಗಿನ ಅಧಿಕಾರಿಯೊಬ್ಬರು ನಾಲ್ಕು ಜನರ ಮುಂದೆ ತೆಲುಗಿನಲ್ಲಿ ಹೇಳಿದರು: “ಭಾಳ ಶಿಸ್ತಿನ ಮನುಷ್ಯ. ಆದ್ರ ಕೊನಿಗೆ ಕುರಿ ಪ್ರಯೋಗ ತಮ್ಮ ತಪ್ಪಿನಿಂದನ ಕೆಡಿಸಿಕೊಂಡ್ರು. ಫೈಲ್ ನೋಡೀನಿ ನಾ. ಅವರ ಬರದಾರ.”

ಆ ಫೈಲಿನಲ್ಲಿ ನನ್ನ ಎರಡು ಹಾಳೆಯೂ ಇದ್ದವಲ್ಲ ಎಂದು ಯಾದಗಿರಿಯನ್ನು ಆಚೆ ಕರೆದು ಕೇಳಿದೆ. “ಅಕ್ಕಾ, ಕನ್ನಡ ಓದೋರು ಅಲ್ಲಿ ಯಾರದಾರ? ಹಳೇ ಕಾಗದ ಸಾಫ್ ಮಾಡುವಾಗ ತಿಳಿಯದ್ದೆಲ್ಲ ತೆಗೆದು ಒಗದ್ರು. ಇಂಗ್ಲೀಷಿಂದಷ್ಟ ಉಳದೈತಿ,” ಎಂದ.

ಒಂದು ನಿಮಿಷವನ್ನೂ ಅಳೆಯದೆ ಬಿಡದ ಮನುಷ್ಯ, ನನ್ನ ಪಾಲಿನ ತಪ್ಪನ್ನೂ ಹೊತ್ತುಕೊಂಡು ಆ ಒಂದು ಹಾಳೆಯಲ್ಲಿ ಉಳಿದುಬಿಟ್ಟರು. ನಾನು ಒಳಗೆ ಹೋಗಿ ಅವರ ಹೆಂಡತಿಯ ಮುಂದೆ ಕುಳಿತೆ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟು ಜನ ನೋಡುತ್ತಿದ್ದರು. ‘ಊಟ ಮಾಡಿದಿರೇನು’ ಎಂದು ಕೇಳಿ ಎದ್ದುಬಂದೆ. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಅವರ ಮೇಲೆ ಎಂದೂ ಬಂದಿರಲಿಲ್ಲ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬಾಗಿಲು ತೆಗೆದದ್ದು ನಾನು. ಒಂಬತ್ತು ಸಂಜೆ. ಸಹನಾ, ನಿನಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಈ ಹಾಳೆಗಳನ್ನು ಅಡುಗೆಮನೆಯ ಮಾಡದಲ್ಲಿ ಇಡಬೇಡ, ಎಣ್ಣೆ ಹತ್ತುತ್ತದೆ. ನಿಮ್ಮಪ್ಪನ ಕಾಗದಗಳ ಜೊತೆಯೂ ಬೇಡ. ನಿನ್ನ ಸರ್ಟಿಫಿಕೇಟುಗಳ ಜೊತೆ ಇಟ್ಟುಕೋ. ಚೇತನ್, ವಿಳಾಸ ಹಿಂದುಗಡೆ ಬರೆದಿದ್ದೇನೆ. ಮುಂದೆ ಒಂದು ದಿನ ಇಬ್ಬರೂ ಅವರ ಮನೆಗೆ ಹೋಗಿ ಇದನ್ನು ಓದಿ ಹೇಳಿ. ನಾನು ಬಂದರೆ ಮತ್ತೆ ಊಟದ ವಿಷಯವನ್ನೇ ಕೇಳಿಯೇನು.